ಹಳೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಲೋಗೋ ದಾಟುತ್ತಿಲ್ಲ, ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆ: ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ಗಂಗಾವತಿಯ ಅಕ್ಕಿ ಗಿರಣಿಯೊಂದರ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಕೋಣೆಯಲ್ಲಿ ಕೋರ್ 2 ಡ್ಯುಯೋ ಇ7500 ಪ್ರೊಸೆಸರ್‌ನ ಕಂಪ್ಯೂಟರ್ ಇದೆ. ವಿಂಡೋಸ್ 10ರ ಬೆಂಬಲ ಮುಗಿಯಿತೆಂದು ಹಾರ್ಡ್ ಡಿಸ್ಕಿನ ಬದಲಿಗೆ ಹೊಸ ಎಸ್‌ಎಸ್‌ಡಿ (ಅದಕ್ಕಿಂತ ವೇಗದ ಡ್ರೈವ್) ತಂದಿರಿ. ಪರಿಚಯದ ಹುಡುಗನೊಬ್ಬ ಇನ್‌ಸ್ಟಾಲ್ ಪೆನ್ ಡ್ರೈವ್ ಮಾಡುವ ರೂಫಸ್ ಎಂಬ ತಂತ್ರಾಂಶದಲ್ಲಿ, ವಿಂಡೋಸ್ 11 ಕೇಳುವ ಟಿಪಿಎಂ, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳ ಪರೀಕ್ಷೆಗಳನ್ನು ತೆಗೆದು ವಿಂಡೋಸ್ 11ರ ಪೆನ್ ಡ್ರೈವ್ ಮಾಡಿಕೊಟ್ಟ. ಈಗ ಲೋಗೋ ಮೂಡುತ್ತದೆ, ಪರದೆ ಕಪ್ಪಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಎರಡು ರಾತ್ರಿ ನಿದ್ದೆಗೆಟ್ಟಿದ್ದೀರಿ; ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿವೆ.

ಮೊದಲು ಎಸ್‌ಎಸ್‌ಡಿ ಬಿಚ್ಚಿ, ಹಳೆಯ ಹಾರ್ಡ್ ಡಿಸ್ಕನ್ನು ಅದೇ ಕೇಬಲ್‌ಗೆ ಸಿಕ್ಕಿಸಿ. ಅದನ್ನು ಅಳಿಸದೆ ಇಟ್ಟಿದ್ದೀರಿ ಎಂದು ಓದಿ ನನಗೆ ಸಮಾಧಾನವಾಯಿತು. ಸುಗ್ಗಿಯ ಹೊತ್ತಿನಲ್ಲಿ ತೂಕ ನಿಲ್ಲಬಾರದು. ಉಳಿದದ್ದನ್ನು ಸಾವಕಾಶವಾಗಿ ನೋಡಬಹುದು.

ತಪ್ಪು ಪೆನ್ ಡ್ರೈವ್‌ನದೂ ಅಲ್ಲ, ಆ ಹುಡುಗನದೂ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2 ಆವೃತ್ತಿಯಿಂದ ಈಚೆಗೆ ವಿಂಡೋಸ್ 11ರ ತಿರುಳೇ (ಕರ್ನೆಲ್) ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಮತ್ತು ಪಾಪ್‌ಕೌಂಟ್ ಎಂಬ ಆದೇಶ ಇರಲೇಬೇಕು ಎನ್ನುತ್ತದೆ. ಪಾಪ್‌ಕೌಂಟ್ ಎಂದರೆ ಒಂದು ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದಾಗ ಅದರಲ್ಲಿ ಎಷ್ಟು ಒಂದುಗಳಿವೆ ಎಂದು ಒಂದೇ ಏಟಿಗೆ ಎಣಿಸುವುದು. 13ನ್ನು ಕೊಟ್ಟರೆ, ಅದು ದ್ವಿಮಾನದಲ್ಲಿ 1101, ಉತ್ತರ ಮೂರು. ಕೆಲಸ ಇಷ್ಟೇ ಸಣ್ಣದು. ಆದರೆ ಇಂಟೆಲ್ ಇವೆರಡನ್ನೂ ತಂದದ್ದು 2008ರ ಕೊನೆಯಲ್ಲಿ, ಮೊದಲ ತಲೆಮಾರಿನ ಕೋರ್ ಐ7 ಜೊತೆಗೆ. ನಿಮ್ಮ ಇ7500 ಮಾರುಕಟ್ಟೆಗೆ ಬಂದದ್ದು 2009ರಲ್ಲಾದರೂ ವಿನ್ಯಾಸ ಅದಕ್ಕಿಂತ ಹಿಂದಿನದು, ಎಸ್‌ಎಸ್‌ಇ 4.1ರಲ್ಲೇ ಅದು ನಿಂತುಬಿಟ್ಟಿದೆ.

ರೂಫಸ್ ತೆಗೆದುಹಾಕುವುದು ಇನ್‌ಸ್ಟಾಲರ್ ನಡೆಸುವ ತಪಾಸಣೆಯನ್ನು ಮಾತ್ರ. ತಿರುಳಿನೊಳಗೆ ಹೆಣೆದಿರುವ ಆದೇಶವನ್ನು ಅದು ಬದಲಿಸಲಾರದು. ಆದ್ದರಿಂದ ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳು) ತಿದ್ದುವುದು, ರ‍್ಯಾಮ್ ಹೆಚ್ಚಿಸುವುದು, ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಹುಡುಕುವುದು ಯಾವುದೂ ಇಲ್ಲಿ ನಡೆಯುವುದಿಲ್ಲ. ದಯವಿಟ್ಟು ಮೂರನೆಯ ರಾತ್ರಿಯನ್ನು ಇದಕ್ಕೆ ಕೊಡಬೇಡಿ.

ನನ್ನ ಮಾತನ್ನು ಕಣ್ಣಾರೆ ಪರೀಕ್ಷಿಸಬೇಕೆಂದರೆ, ಹಳೆಯ ವಿಂಡೋಸ್ 10ರಲ್ಲೇ ಮೈಕ್ರೋಸಾಫ್ಟ್‌ನ ಕೋರ್‌ಇನ್ಫೋ ಎಂಬ ಸಣ್ಣ ಉಪಕರಣವನ್ನು ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡಿಸಿ. ಉದ್ದದ ಪಟ್ಟಿ ಬರುತ್ತದೆ. ಹೆಸರಿನ ಮುಂದೆ ನಕ್ಷತ್ರದ ಗುರುತಿದ್ದರೆ ಆ ಸಾಮರ್ಥ್ಯ ಇದೆ, ಅಡ್ಡಗೆರೆಯಿದ್ದರೆ ಇಲ್ಲ. ನಿಮ್ಮಲ್ಲಿ ಆ ಎರಡು ಹೆಸರುಗಳ ಮುಂದೆ ಅಡ್ಡಗೆರೆಯೇ ಕಾಣುತ್ತದೆ. ‘ಪಕ್ಕದ ಗಿರಣಿಯ ಹಳೆಯ ಕಂಪ್ಯೂಟರ್‌ನಲ್ಲಿ ಓಡುತ್ತಿದೆಯಲ್ಲ’ ಎಂದು ಕೇಳಿದ್ದೀರಿ. ಅದು ಐ3 ಅಥವಾ ಐ5 ಇರಬೇಕು, ಇಲ್ಲವೇ ಹಿಂದಿನ 23ಎಚ್2 ಹಾಕಿರಬೇಕು. ಆ ಆವೃತ್ತಿಯ ಹೋಮ್, ಪ್ರೊ ಎರಡಕ್ಕೂ 2025ರ ನವೆಂಬರ್ 11ಕ್ಕೇ ಬೆಂಬಲ ಮುಗಿದಿದೆ. ಈಗ ಅದನ್ನು ಹುಡುಕಿ ಹಾಕಿಸುವುದರಲ್ಲಿ ಲಾಭವಿಲ್ಲ.

ಇನ್ನೊಂದು ವಿಷಯ. ಹಳೆಯ ಡಿಸ್ಕ್ ಹಾಕಿದ ಮೇಲೂ ವಿಂಡೋಸ್ ಏಳದಿದ್ದರೆ ಡಿಸ್ಕ್ ಹೋಯಿತೆಂದು ಗಾಬರಿಯಾಗಬೇಡಿ, ಮದರ್‌ಬೋರ್ಡಿನ ಸೆಲ್ ನೋಡಿ. ಸಿಂಧನೂರಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಬೇಸಿಗೆಯಲ್ಲಿ ಹತ್ತಿ ಗಿರಣಿಯವರೊಬ್ಬರು ಎರಡನೆಯ ತಲೆಮಾರಿನ ಐ3 ಕಂಪ್ಯೂಟರ್ ತಂದರು. ಕರೆಂಟ್ ಹೋಗಿ ಬಂದ ಮೇಲೆ ನೀಲಿ ಪರದೆ, ‘ಇನ್‌ಆಕ್ಸೆಸಬಲ್ ಬೂಟ್ ಡಿವೈಸ್’ ಎಂಬ ಸಂದೇಶ. ಅವರಿಗೆ ಯಾರೋ ಹೊಸದಾಗಿ ವಿಂಡೋಸ್ ಹಾಕಿಸಲು ಹೇಳಿದ್ದರು. ಹಾಗೆ ಮಾಡಿದ್ದರೆ ಎರಡು ವರ್ಷದ ಲೆಕ್ಕ ಹೋಗುತ್ತಿತ್ತು. ಬಯಾಸ್ ತೆರೆದು ನೋಡಿದೆ, ತಾರೀಖು ಹತ್ತು ವರ್ಷಕ್ಕೂ ಹಿಂದಕ್ಕೆ ಹೋಗಿತ್ತು. ಸೆಲ್ ತೆಗೆದು ಮಲ್ಟಿಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದಲ್ಲಿ 1.9. ಸೆಲ್ ಸತ್ತದ್ದರಿಂದ ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳಿ, ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಬಿಟ್ಟು ಹಳೆಯ ಐಡಿಇ ಆಗಿತ್ತು. ಹೊಸ ಸಿಆರ್2032 ಸೆಲ್ ಹಾಕಿ, ಮೋಡ್ ಮೊದಲಿನಂತೆ ಮಾಡಿ, ತಾರೀಖು ಸರಿಪಡಿಸಿದೆ. ವಿಂಡೋಸ್ ಎದ್ದಿತು, ಒಂದು ಫೈಲೂ ಹೋಗಿರಲಿಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ, ಸಂಜೆಯಾದೊಡನೆ ಮೇನ್ ಸ್ವಿಚ್ ಆರಿಸುವ ಗಿರಣಿಗಳಲ್ಲಿ, ಈ ಸೆಲ್ ಬಹಳ ವರ್ಷ ಬಾಳುವುದಿಲ್ಲ.

ಇನ್ನು ಮುಂದಿನ ದಾರಿ. ನೀವು ಆ ಕಂಪ್ಯೂಟರನ್ನು ಬಿಡಲಾಗದೆ ಇಟ್ಟುಕೊಂಡಿರುವುದು ಹಿಂಬದಿಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗಾಗಿ ಎಂದು ನನಗೆ ಅರ್ಥವಾಗುತ್ತದೆ. ತೂಕದ ಇಂಡಿಕೇಟರ್‌ನ ಕೇಬಲ್ ಅಲ್ಲಿಗೇ ಬರುತ್ತದೆ. ಕಚೇರಿಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ಆ ಪೋರ್ಟ್ ಇದೆ. ಮೂರನೆಯ, ನಾಲ್ಕನೆಯ ತಲೆಮಾರಿನ ಐ5 ಸಿಕ್ಕರೆ ವಿಂಡೋಸ್ 11 ಏಳುತ್ತದೆ, ಆದರೆ ಅಧಿಕೃತ ಬೆಂಬಲ ಇರುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಎಂಟನೆಯ ತಲೆಮಾರಿನಿಂದ ಈಚಿನದನ್ನೇ ಕೊಳ್ಳಿ. ಗಿರಣಿಗೆ ಅನ್ನ ಕೊಡುವ ಯಂತ್ರದ ಮೇಲೆ ಪ್ರಯೋಗ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೋರ್ಟ್ ಇಲ್ಲದ್ದು ಸಿಕ್ಕರೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ಪರಿವರ್ತಕ ಕೇಬಲ್ ಸಾಕು. ಎಫ್‌ಟಿಡಿಐ ಎಂಬ ಕಂಪನಿಯ ಚಿಪ್ ಇರುವುದನ್ನೇ ಕೇಳಿ ತನ್ನಿ. ಅಗ್ಗದ ನಕಲಿ ಚಿಪ್‌ಗಳನ್ನು ಹೊಸ ಡ್ರೈವರ್‌ಗಳು ಒಪ್ಪದೆ ‘ಕೋಡ್ 10’ ಎಂಬ ದೋಷ ತೋರಿಸಿ ನಿಂತುಬಿಡುತ್ತವೆ. ಸಿಕ್ಕಿಸಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ ಸಂಖ್ಯೆ (ಸೀರಿಯಲ್ ಪೋರ್ಟಿಗೆ ವಿಂಡೋಸ್ ಕೊಡುವ ಸಂಖ್ಯೆ) ನೋಡಿ. ನಿಮ್ಮ ತೂಕದ ತಂತ್ರಾಂಶ ಕಾಮ್ 1 ಎಂದು ಕಾಯುತ್ತಿದ್ದು, ಇದು ಕಾಮ್ 5 ಆಗಿದ್ದರೆ ತೂಕ ಬರುವುದೇ ಇಲ್ಲ.

ಹೊಸದು ಬರುವ ತನಕ ಹಳೆಯದರಿಂದ ಇಂಟರ್‌ನೆಟ್ ಕೇಬಲ್ ಕಿತ್ತಿಡಿ. ತೂಕದ ತಂತ್ರಾಂಶದ ಫೋಲ್ಡರನ್ನು ಇಂದೇ ಪೆನ್ ಡ್ರೈವ್‌ಗೆ ನಕಲು ಮಾಡಿ, ಅದರ ಬಾಡ್ ರೇಟ್, ಪ್ಯಾರಿಟಿ (ಸೀರಿಯಲ್ ಸಂಪರ್ಕದ ಸೆಟ್ಟಿಂಗ್‌ಗಳು) ಇರುವ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಡಿಸ್ಕ್ ಹಾಕಿದಾಗ ಏನು ಕಂಡಿತು, ಸೆಲ್ ಎಷ್ಟು ವೋಲ್ಟ್ ತೋರಿಸಿತು ಎಂದು ಇಲ್ಲಿಯೇ ಬರೆಯಿರಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡುತ್ತೇನೆ.