ದೋರ್ದೋನ್‌ಗೆ ಬರುವ ಮುಂಚೆ

ನಿಮ್ಮ ಪ್ರಶ್ನೆ ಓದಿದೆನಮ್ಮಾ. ಲೆಸ್ಟರ್‌ನ ಮನೆ ಮಾರಿ, ಫ್ರಾನ್ಸ್‌ನ ದೋರ್ದೋನ್ ಕಡೆ ಎರಡು ಎಕರೆ ಜಾಗ ಇರುವ ಹಳೇ ಕಲ್ಲಿನ ಮನೆ ಕೊಂಡು, ಗಂಡ ಹೆಂಡತಿ ಇಬ್ಬರೂ ಅಲ್ಲೇ ಇದ್ದುಬಿಡೋಣ ಅಂತ ಯೋಚನೆ ಅಂದಿರಿ. ಯಜಮಾನರಿಗೆ ಬ್ರಿಟನ್ನಿನ ಸ್ಟೇಟ್ ಪೆನ್ಷನ್ ಬರುತ್ತಿದೆ, ನಿಮಗೆ ಇನ್ನೂ ಕೆಲವು ವರ್ಷ ಇದೆ, ಇಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟ್. ಅಲ್ಲಿನ ದಿನದಿನದ ಬದುಕು ಹೇಗೆ, ನಮಗೆ ಒಗ್ಗುತ್ತಾ ಅಂತ ಕೇಳಿದ್ದೀರಿ. ನಾವು ಇಲ್ಲಿಗೆ ಬಂದದ್ದು ಬ್ರೆಕ್ಸಿಟ್‌ಗೂ ಮುಂಚೆ, ಅಂದರೆ ಬ್ರಿಟನ್ ಯೂರೋಪಿಯನ್ ಒಕ್ಕೂಟ ಬಿಡುವ ಮುಂಚೆ. ಸುತ್ತಮುತ್ತ ಇಂಗ್ಲಿಷರು ಬೇಕಾದಷ್ಟು ಜನ ಇದ್ದಾರೆ. ಕನ್ನಡದವರು ಅಂದರೆ ನಾವಿಬ್ಬರೇ. ಗೊತ್ತಿರುವುದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನೀವು ಕಳಿಸಿದ ಮನೆಯ ಫೋಟೊ ನೋಡಿದೆ. ಚೆನ್ನಾಗಿದೆ. ನೀಲಿ ಕಿಟಕಿ, ಅಂಗಳದಲ್ಲಿ ಅಕ್ರೋಟಿನ ಮರ, ಎಲ್ಲ ಇದೆ. ಆದರೆ ಆ ಮನೆಯಿಂದ ನಡೆದು ಹೋದರೆ ಏನು ಸಿಗುತ್ತದೆ? ನಕ್ಷೆಯಲ್ಲಿ ನೋಡಿದರೆ ಹತ್ತಿರದ ಬ್ರೆಡ್ ಅಂಗಡಿಗೂ ಕಾರೇ ಬೇಕು. ಇಲ್ಲಿಗೆ ಬರುವ ಬ್ರಿಟಿಷರೆಲ್ಲ ಮೊದಲು ಮನೆಗೆ ಮನಸ್ಸು ಕೊಡುತ್ತಾರೆ, ಊರನ್ನು ಆಮೇಲೆ ನೋಡುತ್ತಾರೆ. ನೀವು ಊರು ಆರಿಸಿಕೊಳ್ಳಿ, ಆಮೇಲೆ ಆ ಊರಲ್ಲಿ ಮನೆ ಹುಡುಕಿ. ನನ್ನ ಇಡೀ ಉತ್ತರ ಇಷ್ಟೇ ಅಂದರೂ ಸರಿ. ಡಾಕ್ಟರು, ಔಷಧಿ ಅಂಗಡಿ, ಬ್ರೆಡ್ ಅಂಗಡಿ, ವಾರದ ಸಂತೆ, ಈ ನಾಲ್ಕೂ ಕಾಲ್ನಡಿಗೆಯಲ್ಲಿ ಇರುವ ಊರು ಬೇಕು. ಮನೆ ಚಿಕ್ಕದಾದರೂ ಪರವಾಗಿಲ್ಲ. ಎರಡು ಎಕರೆ ಹುಲ್ಲು ಕತ್ತರಿಸುವವರು ಯಾರಮ್ಮಾ, ಎಪ್ಪತ್ತು ದಾಟಿದ ಮೇಲೆ?

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಲ್ಲಿ ಬಸ್ಸು ಇಲ್ಲ ಅಂತಲೇ ಲೆಕ್ಕ. ಶಾಲೆ ಮಕ್ಕಳ ಬಸ್ಸು ಬೆಳಗ್ಗೆ ಹೋಗುತ್ತದೆ, ಸಂಜೆ ಬರುತ್ತದೆ. ಉಳಿದಂತೆ ಎಲ್ಲಕ್ಕೂ ಕಾರು. ಒಂದು ದಿನ ಕಾರು ಓಡಿಸುವವರ ಕಣ್ಣು ಮಂಜಾಗುತ್ತದೆ, ಇಲ್ಲವೇ ಮಂಡಿ ಆಪರೇಷನ್ ಆಗುತ್ತದೆ. ನಮ್ಮ ಕಡೆ ವಾಪಸ್ ಇಂಗ್ಲೆಂಡಿಗೆ ಹೊರಟುಹೋದ ಎಷ್ಟೋ ಮನೆಗಳ ಕತೆ ಇದೇ. ಚಳಿ ಅಂತಲೋ ಭಾಷೆ ಅಂತಲೋ ಹೋದವರು ಕಡಿಮೆ. ಗಂಡ ತೀರಿಕೊಂಡ, ಹೆಂಡತಿಗೆ ಬಲಗಡೆ ಕಾರು ಓಡಿಸಿ ಅಭ್ಯಾಸ ಇರಲಿಲ್ಲ, ಅಷ್ಟೇ. ನಿಮಗೆ ಡ್ರೈವಿಂಗ್ ಬರುತ್ತದೆ ತಾನೆ? ಬಂದ ಮೊದಲ ತಿಂಗಳಿಂದಲೇ ನೀವೂ ಓಡಿಸಿ. 2021ರ ಜನವರಿ 1ಕ್ಕಿಂತ ಮುಂಚೆ ಕೊಟ್ಟ ಬ್ರಿಟಿಷ್ ಲೈಸೆನ್ಸ್ ಅವಧಿ ಮುಗಿಯುವವರೆಗೆ ಇಲ್ಲಿ ನಡೆಯುತ್ತದೆ. ಆಮೇಲೆ ಕೊಟ್ಟದ್ದಾದರೆ ಬಂದು ನೆಲೆಸಿದ ಒಂದು ವರ್ಷದೊಳಗೆ ಫ್ರೆಂಚ್ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು. ಕಾರನ್ನು ಲೆಸ್ಟರ್‌ನಿಂದ ತರಬೇಡಿ, ಕಸ್ಟಮ್ಸ್ ತಲೆನೋವು ಬೇಡ. ಇಲ್ಲೇ ಒಂದು ಹಳೇದು ಕೊಳ್ಳಿ. ಹಳ್ಳಿ ರಸ್ತೆಯಲ್ಲಿ ಬಲಗಡೆಯಿಂದ, ಯಾವುದೋ ಸಣ್ಣ ಸಂದಿಯಿಂದ ಬರುವ ಗಾಡಿಗೂ ದಾರಿ ಬಿಡಬೇಕು, ಬೋರ್ಡ್ ಇಲ್ಲದಿದ್ದರೂ. ಇದು ಇಂಗ್ಲೆಂಡಿನಿಂದ ಬಂದ ಎಲ್ಲರ ಎದೆ ಒಮ್ಮೆಯಾದರೂ ಹಾರಿಸಿದೆ.

ಈಗ ಕಾಗದಪತ್ರ. ನಮ್ಮದು ಬ್ರೆಕ್ಸಿಟ್ ಒಪ್ಪಂದದಡಿ ಕೊಟ್ಟ ವಾಸದ ಕಾರ್ಡು. 2020ರ ಕೊನೆಗೆ ಇಲ್ಲಿ ವಾಸ ಇದ್ದವರಿಗೆ ಅದು ಸಿಕ್ಕಿತು. ಆ ದಾರಿ ನಿಮಗೆ ಮುಚ್ಚಿದೆ. ನೀವು ಲಾಂಗ್ ಸ್ಟೇ ವಿಸಿಟರ್ ವೀಸಾ ತೆಗೆದುಕೊಂಡು ಬರಬೇಕು. ಅರ್ಜಿ ಆನ್‌ಲೈನ್‌ನಲ್ಲಿ ತುಂಬಿ, ಲಂಡನ್, ಮ್ಯಾಂಚೆಸ್ಟರ್ ಅಥವಾ ಎಡಿನ್‌ಬರದ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕು. ಆದಾಯ ಎಷ್ಟು, ಉಳಿಯುವುದು ಎಲ್ಲಿ, ಆರೋಗ್ಯ ವಿಮೆ ಇದೆಯಾ ಅಂತ ನೋಡುತ್ತಾರೆ. ಬಂದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ವೀಸಾ ದೃಢಪಡಿಸಿಕೊಳ್ಳಬೇಕು. ಆಮೇಲೆ ವರ್ಷವರ್ಷ ಜಿಲ್ಲಾ ಕಚೇರಿಯಿಂದ, ಅಂದರೆ ಪ್ರಿಫೆಕ್ಚರ್‌ನಿಂದ, ಕಾರ್ಡ್ ಹೊಸದು ಮಾಡಿಸಿಕೊಳ್ಳುವುದು. ಈ ವೀಸಾದಲ್ಲಿ ಫ್ರಾನ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ ಅಂತ ಬರೆದುಕೊಡಬೇಕು. ನೀವು ಹಿಂದಿನ ಕೊಟ್ಟಿಗೆಯನ್ನು ಹೋಂಸ್ಟೇ ಮಾಡಿ ನಡೆಸುವ ಮಾತಾಡಿದಿರಲ್ಲ, ಅದನ್ನು ಈ ವೀಸಾದ ಮೇಲೆ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಲ್ಯಾಪ್‌ಟಾಪ್‌ನಲ್ಲಿ ಬ್ರಿಟನ್ನಿನ ಯಾರಿಗೋ ಲೆಕ್ಕ ಬರೆಯುವುದನ್ನೂ ಅಷ್ಟೇ.

ಐದು ವರ್ಷ ಆದ ಮೇಲೆ ಹತ್ತು ವರ್ಷದ ಕಾರ್ಡ್ ಕೇಳಬಹುದು. ಅದಕ್ಕೆ 2026ರ ಜನವರಿಯಿಂದ ಫ್ರೆಂಚ್ ಭಾಷೆಯಲ್ಲಿ ಬಿ1, ಅಂದರೆ ಮಧ್ಯಮ ಮಟ್ಟ ಬೇಕು, 65 ದಾಟಿದವರಿಗೆ ವಿನಾಯಿತಿ ಇದೆ. ಯಜಮಾನರು ಪಾರು. ನೀವು ಈಗಲೇ ಪುಸ್ತಕ ಹಿಡಿಯಿರಿ.

ವೀಸಾ ರಗಳೆಯೇ ಬೇಡ, ಬಂದು ಹೋಗಿ ಮಾಡೋಣ ಅಂದರೆ, 180 ದಿನದಲ್ಲಿ 90 ದಿನ ಮಾತ್ರ. ಮೊದಲೆಲ್ಲ ಪಾಸ್‌ಪೋರ್ಟಿನ ಮುದ್ರೆ ಯಾರು ಎಣಿಸುತ್ತಾರೆ ಅಂತ ಜನ ಧೈರ್ಯ ಮಾಡುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೊ ತೆಗೆಯುವ ವ್ಯವಸ್ಥೆ ಶುರುವಾಗಿದೆ. ಈಗ ಎಣಿಸುವುದು ಕಂಪ್ಯೂಟರು.

ಆರೋಗ್ಯದ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಯಜಮಾನರು ಸ್ಟೇಟ್ ಪೆನ್ಷನ್ ಪಡೆಯುವುದರಿಂದ ಬ್ರಿಟನ್ನಿನಿಂದ ಎಸ್1 ಅನ್ನುವ ಪತ್ರ ಸಿಗುತ್ತದೆ. ಅದನ್ನು ಇಲ್ಲಿಯ ಆರೋಗ್ಯ ವಿಮೆ ಕಚೇರಿಗೆ ಕೊಟ್ಟರೆ ಖರ್ಚು ಬ್ರಿಟನ್ ಹೊರುತ್ತದೆ. ಹೆಂಡತಿಯನ್ನೂ ಅದರಡಿ ಸೇರಿಸಲು ಆಗುತ್ತದೆ, ಅರ್ಜಿ ಹಾಕುವಾಗಲೇ ಕೇಳಿ. ಆಮೇಲೆ ಬರುವುದು ಹಸಿರು ಬಣ್ಣದ ಕಾರ್ಟ್ ವಿತಾಲ್, ಇಲ್ಲಿಯ ಆರೋಗ್ಯ ವಿಮೆ ಕಾರ್ಡು. ತಡವಾಗಿ ಬರುತ್ತದೆ, ಗಾಬರಿ ಬೇಡ. ಡಾಕ್ಟರ ಫೀಸು 30 ಯೂರೊ. ಇವರೇ ನನ್ನ ಡಾಕ್ಟರು ಅಂತ ಒಬ್ಬರನ್ನು ನೋಂದಾಯಿಸಿಕೊಂಡಿದ್ದರೆ 19 ಯೂರೊ ವಾಪಸ್ ಬರುತ್ತದೆ. ಉಳಿದದ್ದರಲ್ಲಿ ಬಹುಪಾಲು ಮ್ಯೂಚುಯೆಲ್ ಅನ್ನುವ ಖಾಸಗಿ ವಿಮೆ ಕೊಡುತ್ತದೆ. ಆಸ್ಪತ್ರೆ ಖರ್ಚು ನೆನೆಸಿಕೊಂಡರೆ ಮ್ಯೂಚುಯೆಲ್ ಮಾಡಿಸಲೇಬೇಕು. ವಯಸ್ಸಾದಷ್ಟೂ ಅದರ ಕಂತು ಜಾಸ್ತಿ.

ಕಷ್ಟ ಇರುವುದು ಆ ಒಬ್ಬ ಡಾಕ್ಟರು ಸಿಗುವುದರಲ್ಲಿ. ಹಳ್ಳಿಗಾಡಿನಲ್ಲಿ ಇದ್ದವರು ನಿವೃತ್ತರಾಗುತ್ತಿದ್ದಾರೆ, ಹೊಸಬರು ಬರುತ್ತಿಲ್ಲ. ಊರಿನಲ್ಲಿ ಡಾಕ್ಟರ ಬೋರ್ಡ್ ಇದೆ ಅಂತ ಖುಷಿಪಡಬೇಡಿ. ಒಳಗೆ ಹೋಗಿ, ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಇಲ್ಲ ಅಂದರೆ ಪಕ್ಕದ ಊರು ನೋಡಿ. ಮನೆ ಕೊಳ್ಳುವ ಮುಂಚೆ ಈ ಪ್ರಶ್ನೆ ಕೇಳುವವರು ನೂರಕ್ಕೆ ಹತ್ತು ಜನವೂ ಇಲ್ಲ ಅಂತ ನನ್ನ ಅಂದಾಜು. ಎಲ್ಲರೂ ಈಜುಕೊಳ ಇದೆಯಾ ಅಂತ ಕೇಳುತ್ತಾರೆ.

ದುಡ್ಡಿನ ವಿಷಯ. ಬೆಂಗಳೂರಿಗೆ ಹೋಗಿ ನೆಲೆಸಿದರೆ ಬ್ರಿಟನ್ನಿನ ಸ್ಟೇಟ್ ಪೆನ್ಷನ್ ಇದ್ದಷ್ಟಕ್ಕೇ ನಿಂತುಬಿಡುತ್ತದೆ, ನಿಮಗೆ ಗೊತ್ತಿರಬಹುದು. ಫ್ರಾನ್ಸ್‌ನಲ್ಲಿ ಹಾಗಲ್ಲ, ಬ್ರಿಟನ್ನಿನಲ್ಲಿ ಏರಿದಂತೆ ಇಲ್ಲೂ ಏರುತ್ತದೆ. ಪೌಂಡ್ ಇಳಿದರೆ ಮಾತ್ರ ಹೊಟ್ಟೆ ಚುರ್ ಅನ್ನುತ್ತದೆ. ತೆರಿಗೆ ಲೆಕ್ಕ ಪ್ರತಿ ವರ್ಷ ಮೇ ಜೂನ್ ಹೊತ್ತಿಗೆ ಕೊಡಬೇಕು. ಬ್ರಿಟನ್ನಿನಲ್ಲಿ ತೆರಿಗೆ ಇಲ್ಲ ಅಂತ ಇಟ್ಟ ಐಎಸ್‌ಎ ಉಳಿತಾಯ ಖಾತೆಯ ಬಡ್ಡಿಗೆ ಇಲ್ಲಿ ವಿನಾಯಿತಿ ಇಲ್ಲ. ಹೊರದೇಶದ ಬ್ಯಾಂಕ್ ಖಾತೆ ಒಂದೊಂದನ್ನೂ 3916 ಅನ್ನುವ ನಮೂನೆಯಲ್ಲಿ ತೋರಿಸಬೇಕು. ಇಂಗ್ಲಿಷರಿಗೆ ಇದು ಬ್ರಿಟನ್ನಿನ ಖಾತೆಗಳ ಮಾತು. ನಮಗೆ ಊರಿನದೂ ಸೇರುತ್ತದೆ. ಜಯನಗರದ ಬ್ಯಾಂಕಿನಲ್ಲಿ ಅಪ್ಪನ ಕಾಲದಿಂದ ಸುಮ್ನೆ ಬಿದ್ದಿರುವ ಜಂಟಿ ಖಾತೆ, ಅದರಲ್ಲಿ ನಾಲ್ಕು ಕಾಸಿದ್ದರೂ ಬರೆಯಬೇಕು. ಬರೆಯದಿದ್ದರೆ ಖಾತೆಗೆ 1,500 ಯೂರೊ ದಂಡ ಹಾಕಬಹುದು. ಬರುವ ಮುಂಚೆ ಬೇಡದ ಖಾತೆಗಳನ್ನೆಲ್ಲ ಮುಚ್ಚಿಬಿಡಿ.

ಮನೆ ಕೊಳ್ಳುವಾಗ ನೊತೇರ್ ಅನ್ನುವ ಅಧಿಕಾರಿಯ ಮೂಲಕವೇ ಕಾಗದ ಆಗುತ್ತದೆ. ಹಳೇ ಮನೆಗೆ ಅವರ ಫೀಸು, ಸರ್ಕಾರದ ತೆರಿಗೆ ಎಲ್ಲ ಸೇರಿ ಬೆಲೆಯ ಮೇಲೆ ಶೇಕಡ 7ರಿಂದ 8 ಅಂತ ಇಟ್ಟುಕೊಳ್ಳಿ. ಮೊದಲ ಕರಾರಿಗೆ ಸಹಿ ಹಾಕಿದ ಮೇಲೆ ಕೊಳ್ಳುವವರು ಹಿಂದೆ ಸರಿಯಲು 10 ದಿನ ಸಮಯ ಇರುತ್ತದೆ. ನಿಮಗೆ ಇಬ್ಬರು ಮಕ್ಕಳು ಅಂದಿರಿ. ಫ್ರೆಂಚ್ ಕಾನೂನಿನಲ್ಲಿ ಆಸ್ತಿಯ ಮೂರರಲ್ಲಿ ಎರಡು ಪಾಲು ಮಕ್ಕಳಿಗೇ ಹೋಗಬೇಕು, ಎಲ್ಲ ಹೆಂಡತಿಗೆ ಅಂತ ಬರೆಯಲು ಬರುವುದಿಲ್ಲ. ನಮ್ಮ ದೇಶದ ಕಾನೂನೇ ನಡೆಯಲಿ ಅಂತ ವಿಲ್‌ನಲ್ಲಿ ಬರೆಯುವ ಅವಕಾಶ 2015ರಿಂದ ಇದೆ. 2021ರಲ್ಲಿ ಇಲ್ಲಿ ಇನ್ನೊಂದು ಕಾನೂನು ಬಂದ ಮೇಲೆ ಅದೂ ಪೂರ್ತಿ ಭದ್ರ ಅಲ್ಲ. ಒಬ್ಬರು ಹೋದ ಮೇಲೆ ಇನ್ನೊಬ್ಬರ ಗತಿ ಏನು ಅಂತ ನೊತೇರ್ ಹತ್ತಿರ ಕೊಳ್ಳುವ ಮುಂಚೆಯೇ ಕೂತು ಮಾತಾಡಿ. ನಮ್ಮವರು ಇಂಥ ಮಾತನ್ನು ಅಪಶಕುನ ಅಂತ ಮುಂದೂಡುತ್ತಾರೆ. ಇಲ್ಲಿ ಮುಂದೂಡಿದರೆ ದುಬಾರಿ.

ಮನೆಯ ಹಿಂದಿನ ಸೆಪ್ಟಿಕ್ ಟ್ಯಾಂಕಿಗೂ ಒಂದು ಸರ್ಕಾರಿ ವರದಿ ಇರುತ್ತದೆ, ಮಾರುವವರು ಕೊಡಲೇಬೇಕು. ಸರಿಯಿಲ್ಲ ಅಂತ ವರದಿಯಲ್ಲಿದ್ದರೆ ಕೊಂಡವರು ಒಂದು ವರ್ಷದೊಳಗೆ ಸರಿಮಾಡಿಸಬೇಕು. ಹೊಸದಕ್ಕೆ ಹತ್ತು ಸಾವಿರ ಯೂರೊ ಸುಲಭವಾಗಿ ದಾಟುತ್ತದೆ. ಬೆಲೆ ಮಾತಾಡುವಾಗ ಅದನ್ನು ಕಳೆದು ಮಾತಾಡಿ. ಇಲ್ಲಿಯ ಬ್ರಿಟಿಷರು ಇಬ್ಬರು ಸೇರಿದರೆ ವೈನ್ ಬಗ್ಗೆ ಮಾತಾಡುತ್ತಾರೆ ಅಂದುಕೊಂಡಿರಾ? ಸೆಪ್ಟಿಕ್ ಟ್ಯಾಂಕ್ ಬಗ್ಗೆ ಮಾತಾಡುತ್ತಾರೆ.

ಚಳಿಗಾಲ ದಕ್ಷಿಣ ಫ್ರಾನ್ಸ್ ಅಂತ ಹಗುರಾಗಿ ತೆಗೆದುಕೊಳ್ಳಬೇಡಿ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಮೂರಡಿ ದಪ್ಪದ ಕಲ್ಲಿನ ಗೋಡೆ ಬೇಸಿಗೆಯಲ್ಲಿ ತಂಪು, ಜನವರಿಯಲ್ಲೂ ತಂಪೇ. ಸೌದೆಯನ್ನು ಸ್ತೇರ್ ಲೆಕ್ಕದಲ್ಲಿ ಕೊಳ್ಳುತ್ತೇವೆ, ಒಂದು ಮೀಟರ್ ಉದ್ದ, ಅಗಲ, ಎತ್ತರಕ್ಕೆ ಪೇರಿಸಿದ್ದು ಒಂದು ಸ್ತೇರ್. ಒಣಗಿದ ಓಕ್ ಬೇಕು ಅಂತ ಬೇಸಿಗೆಯಲ್ಲೇ ಹೇಳಿಡಬೇಕು. ಹೊಗೆಗೂಡು ವರ್ಷಕ್ಕೊಮ್ಮೆ ಶುಚಿ ಮಾಡಿಸಿ ಚೀಟಿ ಇಟ್ಟುಕೊಳ್ಳಿ, ಬೆಂಕಿ ಬಿದ್ದರೆ ವಿಮೆಯವರು ಮೊದಲು ಕೇಳುವುದು ಅದನ್ನೇ. ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಬೇಟೆಗಾರರ ಕಾಲ. ಕಾಡಿನ ಕಡೆ ವಾಕಿಂಗ್ ಹೋದರೆ ಕಣ್ಣು ಕುಕ್ಕುವ ಬಣ್ಣದ ಕೋಟು ಹಾಕಿಕೊಳ್ಳಿ.

ಅದಕ್ಕೇ ಹೇಳುತ್ತೇನೆ, ಮೊದಲು ಒಂದು ಚಳಿಗಾಲ ಬಾಡಿಗೆಗೆ ಇದ್ದು ನೋಡಿ. ನವೆಂಬರ್‌ನ ಒಂದು ಸೋಮವಾರ ಮಧ್ಯಾಹ್ನ ಊರಿನ ಬೀದಿಯಲ್ಲಿ ನಡೆಯಿರಿ. ಹನ್ನೆರಡರಿಂದ ಎರಡರವರೆಗೆ ಊಟಕ್ಕೆ ಎಲ್ಲ ಬಾಗಿಲು ಹಾಕಿರುತ್ತಾರೆ. ಸೋಮವಾರ ಎಷ್ಟೋ ಅಂಗಡಿ ಇಡೀ ದಿನ ತೆಗೆಯುವುದೇ ಇಲ್ಲ. ಬೇಸಿಗೆಯಲ್ಲಿ ತುಂಬಿದ್ದ ಮನೆಗಳ ಕಿಟಕಿ ಮುಚ್ಚಿರುತ್ತವೆ. ಆ ಬೀದಿ ನಿಮಗೆ ಬೇಜಾರಾಗದಿದ್ದರೆ ಊರು ನಿಮ್ಮದು.

ಜನರ ಬಗ್ಗೆ ಕೇಳಿದ್ದೀರಿ. ಒಳ್ಳೆಯವರು, ಆದರೆ ಕ್ರಮ ಬೇಕು. ಅಂಗಡಿಗೆ ಹೋದರೆ, ಡಾಕ್ಟರ ಕಾಯುವ ಕೋಣೆಗೆ ಹೋದರೆ, ಮೊದಲು ಬೊಂಜೂರ್ ಅನ್ನಬೇಕು. ಅನ್ನದೆ ನೇರ ವಿಷಯಕ್ಕೆ ಇಳಿದರೆ ಮುಖ ಗಂಟಾಗುತ್ತದೆ. ಊರಿನ ಮೇಯರ್ ಕಚೇರಿಗೆ ಬಂದ ವಾರವೇ ಹೋಗಿ ಪರಿಚಯ ಹೇಳಿಕೊಳ್ಳಿ. ಬ್ರೆಕ್ಸಿಟ್‌ಗೆ ಮುಂಚೆ ಬ್ರಿಟಿಷರು ಹಳ್ಳಿ ಕೌನ್ಸಿಲ್‌ಗೆ ನಿಲ್ಲುತ್ತಿದ್ದರು, ಗೆದ್ದವರು ದೇಶದ ತುಂಬ ನೂರಾರು ಜನ ಇದ್ದರು. 2020ರ ಚುನಾವಣೆಯಿಂದ ಮತವೂ ಇಲ್ಲ, ಸ್ಪರ್ಧೆಯೂ ಇಲ್ಲ. ಆದರೂ ಊರೂಟಕ್ಕೆ ಕುರ್ಚಿ ಹಾಕಲು ಮತ ಬೇಕಾಗಿಲ್ಲವಲ್ಲ. ಹೋಗಿ ಕೈಜೋಡಿಸಿ. ಡಿಸೆಂಬರ್‌ನಲ್ಲಿ ಅಗ್ನಿಶಾಮಕದ ಹುಡುಗರು ಕ್ಯಾಲೆಂಡರ್ ಮಾರಲು ಬಂದರೆ ದುಡ್ಡು ಕೊಟ್ಟು ತೆಗೆದುಕೊಳ್ಳಿ. ರಾತ್ರಿ ಎದೆನೋವು ಬಂದರೆ ಎಷ್ಟೋ ಸಲ ಮೊದಲು ಬಾಗಿಲು ತಟ್ಟುವವರು ಅವರೇ.

ಬಣ್ಣದ ಮಾತು ನೀವು ಹಿಂಜರಿಯುತ್ತಾ ಕೇಳಿದ್ದೀರಿ. ಮೊದಮೊದಲು ನೋಡುತ್ತಾರೆ, ನಿಜ. ಆಮೇಲೆ ಒಂದು ತಮಾಷೆ ಆಗುತ್ತದೆ. ಬ್ರಿಟನ್ನಿನಿಂದ ಬಂದವರು ಅಂತ ಗೊತ್ತಾದ ಕೂಡಲೇ ಊರಿನವರು ನಮ್ಮದನ್ನು ಇಂಗ್ಲಿಷರ ಮನೆ ಅನ್ನಲು ಶುರುಮಾಡಿದರು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ ನಾನು ಇಲ್ಲಿ ಇಂಗ್ಲಿಷಿನವಳು. ಇಂಗ್ಲೆಂಡಿನಲ್ಲಿ ಅಷ್ಟು ವರ್ಷ ಇದ್ದಾಗ ಒಬ್ಬರೂ ಹಾಗೆ ಕರೆದಿರಲಿಲ್ಲ ನೋಡಿ.

ಎಮೇ ಅನ್ನುವ ಊರಿನ ಬಗ್ಗೆ ಕೇಳಿದಿರಿ. ಅಲ್ಲಿ ಇಂಗ್ಲಿಷರು ಬಹಳ, ಕ್ರಿಕೆಟ್ ತಂಡವೂ ಇದೆ, ಗುರುವಾರ ಸಂತೆ. ನಿಮ್ಮ ಯಜಮಾನರಿಗೆ ಇಷ್ಟ ಆಗಬಹುದು. ಬೆರ್ಜರಾಕ್ ವಿಮಾನ ನಿಲ್ದಾಣವೂ ಹತ್ತಿರ. ಆದರೆ ಚಳಿಗಾಲದಲ್ಲಿ ಅಲ್ಲಿಂದ ವಿಮಾನ ಕಡಿಮೆ ಆಗುತ್ತವೆ. ಮಗಳನ್ನು ನೋಡಲು ಓಡಬೇಕಾದರೆ ಬೋರ್ಡೋವರೆಗೆ ಹೋಗಬೇಕಾದೀತು, ಅದನ್ನೂ ಲೆಕ್ಕ ಹಾಕಿ. ಇಂಗ್ಲಿಷರ ಗುಂಪು ಮೊದಲ ವರ್ಷ ಬಹಳ ಉಪಕಾರಕ್ಕೆ ಬರುತ್ತದೆ, ಯಾವ ಪ್ಲಂಬರ್ ಒಳ್ಳೆಯವನು, ಯಾವ ಫಾರಂ ಎಲ್ಲಿ ಕೊಡಬೇಕು ಅಂತ. ಅಲ್ಲೇ ಉಳಿದುಬಿಟ್ಟರೆ ಫ್ರೆಂಚ್ ಬರುವುದಿಲ್ಲ.

ಊಟ ಕೊನೆಗೆ ಇಟ್ಟೆ. ನೀವು ಸಸ್ಯಾಹಾರಿ ಅಂದಿರಿ. ಇದು ಬಾತುಕೋಳಿಯ ನಾಡು. ಹೋಟೆಲಿನಲ್ಲಿ ಸಲಾಡ್ ಕೇಳಿದರೂ ಮೇಲೆ ಬಾತುಕೋಳಿಯ ಗಿಜರ್ಡ್ ಹಾಕಿ ತರುತ್ತಾರೆ. ಮಾಂಸ ಇಲ್ಲದೆ ಅಂತ ಮೊದಲೇ ಫೋನ್ ಮಾಡಿ ಹೇಳಿದರೆ ಆಮ್ಲೆಟ್ ಅನ್ನುತ್ತಾರೆ. ಆದ್ದರಿಂದ ಮನೆ ಅಡುಗೆಯೇ. ಬೇಳೆ, ಅಕ್ಕಿ, ಹುಣಸೆ ಬೋರ್ಡೋದ ಅಂಗಡಿಗಳಲ್ಲಿ ಸಿಗುತ್ತವೆ, ಉಳಿದದ್ದು ಆನ್‌ಲೈನ್. ಅಕ್ಟೋಬರ್‌ನಲ್ಲಿ ಅಕ್ರೋಟು ಬೀಳುತ್ತದೆ, ಶೇಂಗಾ ಬದಲು ಅದನ್ನೇ ಹುರಿದು ಚಟ್ನಿಪುಡಿ ಮಾಡುತ್ತೇನೆ. ಬೆಳ್ಳುಳ್ಳಿ ಸ್ವಲ್ಪ ಮುಂದಾಗಿ ಹಾಕಬೇಕು.

ಫೆಬ್ರವರಿಯಲ್ಲಿ ಬಂದು ನಮ್ಮಲ್ಲಿ ಒಂದು ವಾರ ಇರಿ, ಮೂರು ನಾಲ್ಕು ಊರು ತೋರಿಸುತ್ತೇನೆ. ಬ್ರಿಟನ್ನಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ಹಣ್ಣು ಸೊಪ್ಪಿಗೂ ಸರ್ಟಿಫಿಕೇಟ್ ಬೇಕು. ವಿನಾಯಿತಿ ಇರುವುದು ಬಾಳೆ, ಅನಾನಸ್, ಖರ್ಜೂರ, ದುರಿಯನ್, ತೆಂಗಿನಕಾಯಿಗೆ. ನನಗೆ ತೆಂಗಿನಕಾಯಿ ತನ್ನಿ. ತುಪ್ಪ ಬೇಡ, ಇಲ್ಲಿಯ ಬೆಣ್ಣೆ ಕಾಯಿಸಿದರೆ ಘಮ ಅನ್ನುತ್ತದೆ.