ಬಳ್ಳಾರಿ ಕಾಲೇಜಿಗಿಂತ ಮುಂಚೆ ಡಾಕ್ಟರ್ ಓದು ಎಲ್ಲಿ?

ಬಳ್ಳಾರಿಯ ಮೆಡಿಕಲ್ ಕಾಲೇಜು, ಅಂದರೆ ಈಗಿನ ವಿಮ್ಸ್, ಬರೋ ಮೊದಲು ನಮ್ಮ ಕಡೆಯವರು ಡಾಕ್ಟರ್ ಆಗೋಕೆ ಎಲ್ಲಿಗೆ ಹೋಗುತ್ತಿದ್ದರು ಅಂತ ಕೇಳಿದ್ದೀರಿ. ಅದು ತುಂಗಭದ್ರೆಯ ಯಾವ ದಂಡೆ ಅನ್ನೋದರ ಮೇಲೆ ಇತ್ತು ಸರ್.

ಬಳ್ಳಾರಿ 1953ರವರೆಗೂ ಮದ್ರಾಸಿಗೆ ಸೇರಿತ್ತು. ಹಾಗಾಗಿ ಅಲ್ಲಿಯವರಿಗೆ ಹತ್ತಿರದ ದಾರಿ 1835ರಲ್ಲಿ ಶುರುವಾದ ಮದ್ರಾಸ್ ಮೆಡಿಕಲ್ ಕಾಲೇಜು. ಆಚೆ ದಂಡೆಯ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು, ಅಲ್ಲಿಂದ ಹೈದರಾಬಾದಿಗೆ. ಅಲ್ಲಿನ ಮೆಡಿಕಲ್ ಸ್ಕೂಲ್ 1846ರದು, ಅದೇ ಮುಂದೆ ಉಸ್ಮಾನಿಯಾ ಮೆಡಿಕಲ್ ಕಾಲೇಜು ಆಯಿತು, ನಿಜಾಮರ ಕಾಲದಲ್ಲಿ ಅಲ್ಲಿ ವೈದ್ಯ ಪಾಠವನ್ನೂ ಉರ್ದುವಿನಲ್ಲೇ ಹೇಳುತ್ತಿದ್ದರು. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಎಲುಬು, ನರಗಳ ಹೆಸರೆಲ್ಲ ಉರ್ದು! ನಮ್ಮಜ್ಜನ ಟ್ರಂಕಿನಲ್ಲಿ ರಾಯಚೂರಿನ ಡಾಕ್ಟರೊಬ್ಬರು ಬರೆದ ಹಳೇ ಚೀಟಿ ಇದೆ. ಮಡಚಿದಲ್ಲಿ ಹರಿದಿದೆ. ಔಷಧಿ ಹೆಸರು ಇಂಗ್ಲಿಷ್, ದಿನಕ್ಕೆ ಎಷ್ಟು ಸಲ ಅನ್ನೋದು ಉರ್ದು. ಅದನ್ನು ನೋಡಿದಾಗೆಲ್ಲ ಆ ಹುಡುಗರ ಕಷ್ಟ ನೆನೆದು ಕರುಳು ಚುರ್ ಅನ್ನುತ್ತೆ.

ಬಳ್ಳಾರಿ ಕಾಲೇಜು 1961ರಲ್ಲಿ ಶುರುವಾಯಿತು, ಆಗ ಹೆಸರು ಸುಮ್ನೆ ಸರ್ಕಾರಿ ಮೆಡಿಕಲ್ ಕಾಲೇಜು. ರಾಯಚೂರಿನವರು ತಮ್ಮೂರಲ್ಲೇ ಮೆಡಿಕಲ್ ಕಾಲೇಜು (ರಿಮ್ಸ್) ನೋಡೋಕೆ 2007ರವರೆಗೆ ಕಾದರು. ಕೊಪ್ಪಳದವರು ಇನ್ನೂ ಜಾಸ್ತಿ, 2015ರವರೆಗೆ.