ಗಿಡ ನಿಂತ ಜಾಗವನ್ನೂ ಬಿಡಿಸಿ

ಪ್ರಶ್ನೆ: ಮೇಡಂ, ನಾನು ಬ್ಯಾಂಕ್ ಉದ್ಯೋಗಿ. ರಜೆ ಸಿಕ್ಕರೆ ಮಲೆನಾಡಿಗೆ ಹೋಗಿ ಗಿಡ, ಹೂಗಳ ಫೋಟೋ ತೆಗೆದುಕೊಂಡು ಬರುತ್ತೇನೆ. ಆಮೇಲೆ ಮನೆಯಲ್ಲಿ ಜಲವರ್ಣದಲ್ಲಿ ಬಿಡಿಸುತ್ತೇನೆ. ಹೂವೇನೋ ಹೂವಿನ ಹಾಗೇ ಬರುತ್ತದೆ, ಆದರೆ ಚಿತ್ರದಲ್ಲಿ ಜೀವ ಇರುವುದಿಲ್ಲ. ಪ್ರವಾಸದಿಂದ ಕಲಾವಿದರಿಗೆ ನಿಜಕ್ಕೂ ಏನು ಸಿಗುತ್ತದೆ? ನಾನು ಇನ್ನೂ ದೂರ ಹೋಗಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ದೂರದ ಮಾತು ಆಮೇಲೆ. ನಿಮ್ಮ ಹೂವಿನ ಹಿಂದೆ ಏನಿದೆ? ಬರೀ ಬಿಳಿ ಹಾಳೆ, ಅಲ್ವಾ? ತೊಂದರೆ ಅಲ್ಲೇ ಇರಬೇಕು.

ನನಗೆ ತುಂಬ ಇಷ್ಟವಾದ ಚಿತ್ರಗಾರ್ತಿ ಇಂಗ್ಲೆಂಡಿನ ಮೇರಿಯಾನ್ ನಾರ್ತ್. ಹುಟ್ಟಿದ್ದು 1830ರಲ್ಲಿ. 1869ರಲ್ಲಿ ತಂದೆ ತೀರಿಕೊಂಡ ಮೇಲೆ ಒಬ್ಬರೇ ಲೋಕ ಸುತ್ತಲು ಹೊರಟರು. ಜಮೈಕಾ, ಬ್ರೆಜಿಲ್, ಜಪಾನ್, ಬೋರ್ನಿಯೋ, ಸಿಲೋನ್. 1877ರಿಂದ 1879ರವರೆಗೆ ನಮ್ಮ ದೇಶದಲ್ಲೂ ತಿರುಗಾಡಿದರು. ಆಗೆಲ್ಲ ಸಸ್ಯಚಿತ್ರ ಅಂದರೆ ಬಿಳಿ ಹಾಳೆಯ ಮೇಲೆ ಒಂದು ಕೊಂಬೆ, ಪಕ್ಕದಲ್ಲಿ ಹೂವು, ಕಾಯಿ, ಬೀಜ. ವಿಜ್ಞಾನಕ್ಕೆ ಅದು ಬೇಕೇ ಬೇಕು. ಆದರೆ ನಾರ್ತ್ ಎಣ್ಣೆಬಣ್ಣ ಹಿಡಿದು ಗಿಡ ಇದ್ದಲ್ಲಿಗೇ ಹೋಗಿ ಕೂತರು. ಹೂವಿನ ಹಿಂದೆ ಗುಡ್ಡ ಬಂತು, ನೀರು ಬಂತು, ಪಕ್ಕದ ಬಳ್ಳಿ ಬಂತು, ಚಿಟ್ಟೆಯೂ ಬಂತು.

1876ರಲ್ಲಿ ಬೋರ್ನಿಯೋದ ಸರವಾಕ್‌ನಲ್ಲಿ ಅವರು ಒಂದು ದೊಡ್ಡ ಹೂಜಿ ಗಿಡ (ಹೂಜಿಯಂಥ ಎಲೆಯಲ್ಲಿ ಹುಳ ಹಿಡಿಯುವ ಗಿಡ) ಬಿಡಿಸಿದರು. ಸುಣ್ಣಕಲ್ಲಿನ ಗುಡ್ಡದಿಂದ ಅದನ್ನು ಬೇರೆಯವರು ತಂದುಕೊಟ್ಟಿದ್ದರು. ಲಂಡನ್ನಿನ ನರ್ಸರಿಯವರು ಆ ಚಿತ್ರ ನೋಡಿ, ಇದು ನಮಗೆ ಗೊತ್ತಿಲ್ಲದ ಗಿಡ ಎಂದು ಹುಡುಕಲು ಆಳು ಕಳಿಸಿದರು. ಗಿಡ ಸಿಕ್ಕಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜೋಸೆಫ್ ಹೂಕರ್ ಅದಕ್ಕೆ ನೆಪೆಂಥಿಸ್ ನಾರ್ಥಿಯಾನಾ ಎಂದು ನಾರ್ತ್ ಅವರದೇ ಹೆಸರಿಟ್ಟರು. ಮುಂದೆ ಡಾರ್ವಿನ್, ಆಸ್ಟ್ರೇಲಿಯಾದ ಗಿಡಮರ ಬೇರೆಲ್ಲೂ ಇಲ್ಲದ ಥರ, ಅದನ್ನು ಬಿಡಿಸದೆ ಬಿಡಬೇಡಿ ಎಂದಾಗ 1880ರಲ್ಲಿ ಅಲ್ಲಿಗೂ ಹೋದರು. ಅವರ 800ಕ್ಕೂ ಹೆಚ್ಚು ಚಿತ್ರಗಳು ಕ್ಯೂನ ಒಂದು ಗ್ಯಾಲರಿಯಲ್ಲಿವೆ. 1882ರಲ್ಲಿ ತೆರೆದ ಆ ಗ್ಯಾಲರಿಯನ್ನು ಸ್ವಂತ ದುಡ್ಡಿನಲ್ಲಿ ಕಟ್ಟಿಸಿ, ಚಿತ್ರಗಳನ್ನು ದೇಶವಾರು ತಾವೇ ಜೋಡಿಸಿದರು. ಅದು ನನಗೆ ಬಹಳ ಮುಖ್ಯ ಅನಿಸುತ್ತದೆ. ಯಾವ ಗಿಡ ಎಂಬುದರ ಜೊತೆಗೆ ಎಲ್ಲಿಯದು ಎಂಬುದೂ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ನಾನು ಮೊದಲು ರಾಮಪತ್ರೆ ಜಾತಿಯ ಮರದ ಬುಡ ಬಿಡಿಸಲು ಹೇಳುತ್ತೇನೆ. ಆ ಮರ ನಿಂತಿರುವುದು ಸದಾ ನೀರಿರುವ ಕೆಸರಿನಲ್ಲಿ. ಅಲ್ಲಿ ಬೇರಿಗೆ ಗಾಳಿ ಸಿಗಲ್ಲ. ಅದಕ್ಕೇ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುತ್ತವೆ. ಕೆಸರು ಬಿಟ್ಟು ಬೇರಷ್ಟೇ ಬಿಡಿಸಿದರೆ ಆ ಡೊಂಕಿಗೆ ಅರ್ಥವೇ ಇಲ್ಲ. ಮೊಬೈಲ್ ಫೋಟೋದಲ್ಲಿ ಆ ಕಾನಿನ ಕತ್ತಲೆಯೂ ಸರಿಯಾಗಿ ಬರಲ್ಲ. ನೆರಳನ್ನು ಅದು ಸುಮ್ನೆ ಬೆಳಗಿಸಿಬಿಡುತ್ತದೆ. ಹಾಗಾಗಿ ಫೋಟೋ ತೆಗೆಯಿರಿ, ಬೇಡ ಅನ್ನಲ್ಲ. ಆದರೆ ಅಲ್ಲೇ ಕೂತು ಬಣ್ಣ ಬೆರೆಸಿ, ಪುಸ್ತಕದ ಅಂಚಿಗೆ ಹಚ್ಚಿ ನೋಡಿ. ಟ್ಯೂಬಿನ ಹಸಿರು ಬೇಡ. ನೀಲಿ, ಹಳದಿಗೆ ಚೂರು ಕಂದು ಸೇರಿಸಿ.

ದೂರ ಹೋಗಲೇಬೇಕಂತಿಲ್ಲ. ಧಾರವಾಡದಿಂದ ಹಳಿಯಾಳದ ಕಡೆ ಹೋದರೆ ತೇಗ ಸಿಗುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿ ಬೋಳಾಗಿರುತ್ತದೆ, ಮಳೆಗಾಲದಲ್ಲಿ ತಲೆ ತುಂಬ ಬೆಳ್ಳಗೆ ಹೂವು. ಒಂದೇ ಮರದ ಹತ್ತಿರ ಎರಡೂ ಕಾಲದಲ್ಲಿ ಹೋಗಿ. ಹೊಸ ಜಾಗ ನೋಡಿದ್ದಕ್ಕಿಂತ ಇದರಿಂದ ನಿಮಗೆ ಜಾಸ್ತಿ ಸಿಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಹೊರಗೆ ಕೂತರೆ ಜಲವರ್ಣ ಒಣಗುವುದೇ ಇಲ್ಲ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಲ್ಲಿ ಪೆನ್ಸಿಲ್ಲಿನಲ್ಲಿ ಆಕಾರ, ನೆರಳು ಮುಗಿಸಿ. ಬಣ್ಣವನ್ನು ಮಾತಿನಲ್ಲಿ ಬರೆದುಕೊಳ್ಳಿ: ‘ಎಲೆಯ ಬೆನ್ನು ತಾಮ್ರ, ನರ ತಿಳಿ ಹಳದಿ’ ಅಂತ. ಅದೇ ದಿನ ಸಂಜೆ ಮನೆಯಲ್ಲಿ ಬಣ್ಣ ಹಾಕಿ, ನಾಳೆಗೆ ಇಡಬೇಡಿ. ಕಾಗದ ಮಾತ್ರ ದಪ್ಪದ್ದು, 300 ಜಿಎಸ್‌ಎಂನದೇ (ಚದರ ಮೀಟರಿಗೆ 300 ಗ್ರಾಂ ತೂಗುವುದು) ಇರಲಿ. ತೆಳು ಹಾಳೆ ಆ ತೇವಕ್ಕೆ ಸುರುಟಿಕೊಳ್ಳುತ್ತದೆ.